ಚಿಕ್ಕಿಯ ಮುಂದೆ ತಾಟು ಬಡಿದದ್ದು

ನಾನು ಸ್ಟೀಲ್ ತಾಟು ಬಡಿದದ್ದೇ ತಡ, ಕುದುರೆ ಚಿಕ್ಕಿ ಮುಂಗಾಲೆತ್ತಿ ನಿಂತೇಬಿಟ್ಟಳು. ಎದುರಿಗೆ ಹಗ್ಗ ಹಿಡಿದು ನಿಂತವನು ನನ್ನ ತಮ್ಮ ಈರಣ್ಣ. ಇಳಕಲ್ಲಿನ ಒಂದು ಮದುವೆ ಮೆರವಣಿಗೆಯಲ್ಲಿ ಇದೇ ಕುದುರೆ ಬ್ಯಾಂಡಿಗೆ ಬೆದರಿ, ಒದ್ದು, ಇವನ ಪಕ್ಕೆಲುಬು ಮುರಿದಿದ್ದಳು. ಮಾರಿಬಿಡು ಅಂದರೆ ಕೇಳಲಿಲ್ಲ. ಮತ್ತೆ ಮದುಮಗನನ್ನು ಕೂರಿಸುವ ಮೊದಲು ಸದ್ದು ರೂಢಿಯಾಗಲಿ ಎಂದು ನನ್ನ ಕೈಗೇ ತಾಟು ಕೊಟ್ಟಿದ್ದ.

"ಲೇ ಈರ್ಯಾ, ಹಗ್ಗ ಜಗ್ಗಲೇ, ಸಾಯ್ತಿ!" ಎಂದು ಚೀರಿದೆ.

ಅವನು ಜಗ್ಗಲಿಲ್ಲ. ಹಗ್ಗ ಸಡಿಲ ಬಿಟ್ಟು, ಪಕ್ಕಕ್ಕೆ ಸರಿದು ಸುಮ್ಮನೆ ನಿಂತ. ಚಿಕ್ಕಿ ಕಾಲು ಕೆಳಗಿಟ್ಟಳು. ಅವಳ ಮೈಯೆಲ್ಲ ನಡುಗುತ್ತಿತ್ತು.

"ಯಕ್ಕಾ, ಒದರಬ್ಯಾಡ. ಅಕಿ ತಾಟಿಗೆ ಅಂಜಿಲ್ಲ, ನಿನಗ ಅಂಜ್ಯಾಳ. ನೀ ಉಸಿರು ಬಿಗಿ ಹಿಡದು ಬಡದ್ರ, ಇಲ್ಲೇನೋ ಕೆಟ್ಟದ್ದು ಆಗತೈತಿ ಅಂತ ಅಕಿಗೆ ಅನಸ್ತೈತಿ. ಮೊದಲ ಉಸಿರು ಬಿಡು, ಆಮ್ಯಾಲೆ ಮೆಲ್ಲಕ ಬಡಿ."

ಮೂರು ಹೆತ್ತವಳಿಗೆ ಉಸಿರಾಡುವುದನ್ನು ಕಲಿಸುತ್ತಾನಲ್ಲ ಎಂದು ಸಿಟ್ಟು ಬಂತು. ಆದರೂ ಉಸಿರು ಬಿಟ್ಟೆ. ಬೆರಳ ತುದಿಯಿಂದ ತಾಟು ತಟ್ಟಿದೆ. ಚಿಕ್ಕಿ ನನ್ನತ್ತ ಕಿವಿ ತಿರುಗಿಸಿದಳು. ಇನ್ನೊಮ್ಮೆ ತಟ್ಟಿದೆ. ಅವಳು ತಲೆ ತಗ್ಗಿಸಿ, ಬಾಯಿ ಚಪ್ಪರಿಸಿ, ತಾನೇ ನಡೆದು ಬಂದು ತಾಟು ಮೂಸಿದಳು. ಈರಣ್ಣನ ಕೈಯಲ್ಲಿ ಹಗ್ಗ ಜೋತುಬಿದ್ದಿತ್ತು.

ಈಗ ಅವಳು ಮತ್ತೆ ಮೆರವಣಿಗೆಗೆ ಹೋಗುತ್ತಾಳೆ. ಓಣಿಯ ತುದಿಯಲ್ಲಿ ಬ್ಯಾಂಡ್ ಶುರುವಾದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಆದರೆ ಚಿಕ್ಕಿ ನಮ್ಮ ಮನೆ ಮುಂದೆ ಬರುವಷ್ಟರಲ್ಲಿ ನಾನು ಉಸಿರು ಬಿಟ್ಟು ನಿಂತಿರುತ್ತೇನೆ.