ತಮ್ಮನ ಮೇಲಿಟ್ಟ ಕೆಂಪು ಕಲ್ಲುಗಳು

ಇವತ್ತು ಬೆಳಿಗ್ಗೆ ಮನೆಯ ಮುಂದೆ ರಸ್ತೆಗೆಂದು ಸುರಿದ ಗರಸಿನಲ್ಲಿ ಒಂದು ಕೆಂಪು ಕಲ್ಲು ಕಂಡಿತು. ನೋಡಿದ್ದೇ ತಡ, ನಾನು ಯಲಬುರ್ಗಾ ಸೀಮೆಯ ನಮ್ಮ ಹಳ್ಳಿಗೆ, ನಿಜಾಮರ ಕಾಲಕ್ಕೆ ಹೋಗಿಬಿಟ್ಟೆ.

ಗುಡ್ಡದಲ್ಲಿ ಬಣ್ಣದ ಕಲ್ಲು ಆರಿಸುವುದೆಂದರೆ ಆಗ ನನಗೆ ಹುಚ್ಚು. ತುಪ್ಪ ಸವರಿದಂತೆ ನುಣುಪಾದ ಕೆಂಪು ಕಲ್ಲು, ಅಂಗೈ ಜಗ್ಗುವಷ್ಟು ಭಾರದ ಕಬ್ಬಿಣದ ಕಲ್ಲು, ಎಲ್ಲವನ್ನೂ ಉಡಿಯಲ್ಲಿ ತುಂಬಿಕೊಂಡು ಬರುತ್ತಿದ್ದೆ. "ಇವನ್ನ ಕುದಿಸಿ ತಿಂತಿಯೇನ?" ಎಂದು ಅವ್ವ ಬೈದು ಹಿತ್ತಲಿಗೆ ಎಸೆಯುತ್ತಿದ್ದಳು. ನಾನು ಮತ್ತೆ ಆರಿಸಿ ತಂದಿಡುತ್ತಿದ್ದೆ.

ಆ ವರ್ಷ ಹುಟ್ಟಿದ ನನ್ನ ತಮ್ಮ ಒಂಬತ್ತನೆಯ ದಿನ ತೀರಿಕೊಂಡ. ಅಪ್ಪ ಅವನನ್ನು ಬಟ್ಟೆಯಲ್ಲಿ ಸುತ್ತಿ ಹೊಲದ ಬದುವಿಗೆ ಒಯ್ದು ಮಣ್ಣು ಮಾಡಿದ. ಬಾಣಂತಿ ಅವ್ವ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಅಪ್ಪನ ಹಿಂದೆ ಹೋಗಿ ನೋಡಿ ಬಂದೆ.

"ಎಲ್ಲಿ ಮಲಗಿಸ್ಯಾರವ್ವಾ? ನನಗ ಗುರ್ತು ಹ್ಯಾಂಗ ಸಿಗಬೇಕು?" ಎಂದು ಅವ್ವ ನನ್ನ ಕೈ ಹಿಡಿದು ಅತ್ತಳು.

ಮರುದಿನ ನನ್ನ ಕಲ್ಲುಗಳನ್ನೆಲ್ಲ ಒಯ್ದು ಆ ಮಣ್ಣಿನ ಮೇಲೆ ಒತ್ತಾಗಿ ಜೋಡಿಸಿದೆ. ಎರೆಹೊಲದ ಕಪ್ಪಿನಲ್ಲಿ ಅವು ದೂರದಿಂದಲೇ ಕೆಂಪಗೆ ಕಾಣುತ್ತಿದ್ದವು.

ಕೆಲವು ತಿಂಗಳ ಮೇಲೆ ಕಳೆ ತೆಗೆಯಲು ಹೊಲಕ್ಕೆ ಬಂದ ಅವ್ವ ಯಾರನ್ನೂ ಕೇಳದೆ ನೇರ ಅಲ್ಲಿಗೇ ನಡೆದಳು. ಕೂತು, ಸೆರಗಿನಿಂದ ಒಂದೊಂದೇ ಕಲ್ಲಿನ ಧೂಳು ಒರೆಸಿದಳು.

"ಭಾಳ ಛಲೋ ಮಾಡಿದಿ, ನನ್ನವ್ವ," ಎಂದಳು. ಆಮೇಲೆ ನಾನು ತಂದ ಒಂದು ಕಲ್ಲನ್ನೂ ಅವಳು ಎಸೆಯಲಿಲ್ಲ.

ನಾನು ಹೇಳಿದ್ದನ್ನು ಫೋನಿನಲ್ಲಿ ಬರೆಯುತ್ತಿರುವ ಮೊಮ್ಮಗಳು ಈಗ ಬೆರಳು ನಿಲ್ಲಿಸಿ, "ಅಜ್ಜಿ, ಅವನ ಹೆಸರೇನಿತ್ತು?" ಎಂದು ಕೇಳಿದಳು.

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಇನ್ನೂ ಬಂದಿರಲಿಲ್ಲ ಎಂದೆ.