ಮಲ್ಲಿಗೆಗೆ ಸಿಟ್ಟು ಬರಿಸಿದವರು

ಜನವರಿಯ ಒಂದು ಬೆಳಿಗ್ಗೆ ಫ್ರೇಜರ್ ಟೌನಿನ ನಮ್ಮ ಹಿತ್ತಲಲ್ಲಿ ಮೂವರಿದ್ದೆವು: ಮಣೆ ಹಾಕಿಕೊಂಡು ಕೂತ ನಮ್ಮತ್ತೆ, ಕಾಫಿ ಲೋಟ ಹಿಡಿದ ನಾನು, ಕತ್ತರಿ ಹಿಡಿದ ಮಾಲಿ ಚಾಚಾ. ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟ ದುಂಡುಮಲ್ಲಿಗೆ ಮೂರು ವರ್ಷದಿಂದ ಒಂದು ಮೊಗ್ಗೂ ಬಿಟ್ಟಿರಲಿಲ್ಲ. ಈ ಯುಗಾದಿಗೂ ಹೂವಾಗದಿದ್ದರೆ ಕಿತ್ತುಹಾಕಿ ಅಲ್ಲಿ ಕಾರು ನಿಲ್ಲಿಸುವುದೆಂದು ನನ್ನ ಗಂಡ ಹೇಳಿಯಾಗಿತ್ತು.

ಚಾಚಾ ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಗಳನ್ನು ಮಗುವಿನ ತಲೆಯ ಸಿಕ್ಕು ಬಿಡಿಸುವಷ್ಟು ನಿಧಾನವಾಗಿ ಕಿತ್ತರು. "ಇನ್ನು ಹದಿನೈದು ದಿನ ನೀರು ಬಂದ್. ಸ್ವಲ್ಪ ಸಿಟ್ಟು ಬರ್ಲಿ ಅದಕ್ಕೆ." ಗುಲಾಬಿಗೂ ದಾಸವಾಳಕ್ಕೂ ಅವರದು ಇದೇ ಮಾತು.

ಹದಿನೈದು ದಿನ ಬಿಟ್ಟು ಬಂದವರು ಬುಡದ ಮಣ್ಣು ಹಿಸುಕಿದರು. ಒದ್ದೆಯಾಗಿತ್ತು. ಬೆರಳಿಗೆ ಎರಡು ಅಕ್ಕಿಕಾಳು ಅಂಟಿಕೊಂಡಿದ್ದವು.

"ಅಮ್ಮಾ, ಯಾರೋ ಇದಕ್ಕೆ ಊಟ ಹಾಕ್ತಾ ಇದಾರೆ."

"ಅಕ್ಕಿ ತೊಳೆದ ನೀರು ಕಣಪ್ಪ, ದಿನಾ ಒಂದೇ ಚೊಂಬು," ಎಂದರು ಅತ್ತೆ. "ಬಾಣಂತಿಗಾದ್ರೂ ಒಂದು ಲೋಟ ನೀರು ಕೊಡ್ತೀವಿ. ನನ್ ಕೈಲಿ ನೋಡೋಕಾಗ್ಲಿಲ್ಲ."

"ಅದಕ್ಕೇ ಮೂರು ವರ್ಷದಿಂದ ತಿಂದು ಮಲಗಿದೆ ಇದು," ಎಂದು ನಕ್ಕ ಚಾಚಾ, ಚೊಂಬನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಹೋದರು. ಅತ್ತೆ ಎರಡು ವಾರ ಹಿತ್ತಲ ಬಾಗಿಲನ್ನೇ ತೆರೆಯಲಿಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ ಗಿಡ ಬೆಳ್ಳಗೆ ಅರಳಿತು. ಅತ್ತೆ ಮೊದಲ ಎರಡು ಮೊಳ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, "ಮನೆಯವರಿಗೆ ಕೊಡಿ" ಎಂದು ಚಾಚಾ ಕೈಗಿಟ್ಟರು. ಡಿಕ್ಕಿಯಲ್ಲಿಟ್ಟರೆ ಬಾಡುತ್ತದೆಂದು ಅವರು ಹೂವನ್ನು ಹೆಲ್ಮೆಟ್ಟಿನೊಳಗಿಟ್ಟು, ಅದನ್ನು ಸ್ಕೂಟರಿನ ಹ್ಯಾಂಡಲ್ಲಿಗೆ ತೂಗುಹಾಕಿ, ಬರಿದಲೆಯಲ್ಲೇ ಶಿವಾಜಿನಗರದ ಕಡೆ ಹೊರಟರು.