ರೊಟ್ಟಿ ಬಡಿಯುವವರ ಎತ್ತರ

ಬೇಗಂಬಿ ಕೈಯಲ್ಲಿ ಅಳತೆಯ ಟೇಪು ಹಿಡಿದದ್ದು ಗಂಡ ಮೀರಾಸಾಬನಿಗೆ ದಮ್ಮು ಹತ್ತಿದ ಮೇಲೆ. ಅದಕ್ಕೂ ಮುಂಚೆ ಇಪ್ಪತ್ತೆರಡು ವರ್ಷ ಅವಳು ಬೈಲಹೊಂಗಲದ ತಮ್ಮ ಮನೆಯ ಹಿತ್ತಲಲ್ಲಿ ಕೂತು, ಮೀರಾಸಾಬ ಮಾಡಿಟ್ಟ ಕಪಾಟು, ಮಂಚಗಳನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡುತ್ತಿದ್ದಳು. ಆ ಸಾಮಾನು ಯಾವ ಊರಿಗೆ ಹೋಯಿತು, ಯಾರ ಮನೆಯ ಯಾವ ಮೂಲೆಯಲ್ಲಿ ನಿಂತಿತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕಟ್ಟಿಗೆಯ ಪುಡಿ ಮತ್ತು ಸನ್‌ಮೈಕಾ ಅಂಟಿನ ವಾಸನೆ ಎರಡೂ ಸೇರಿ ಮೀರಾಸಾಬನ ಎದೆಯನ್ನು ಕೆಡಿಸಿದವು. ಹತ್ತು ಮೆಟ್ಟಿಲು ಹತ್ತಿದರೆ ಸಾಕು, ಅವನು ಗೋಡೆ ಹಿಡಿದು ನಿಲ್ಲುತ್ತಿದ್ದ. ಗೋಡೆಯ ಗಿಲಾವು ಇನ್ನೂ ಒಣಗದ ಹೊಸ ಮನೆಗಳೊಳಗೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದ ದಿನ ಬೇಗಂಬಿ ಅವನ ಅಂಗಿಯ ಜೇಬಿನಿಂದ ಟೇಪು ತೆಗೆದುಕೊಂಡಳು.

"ನೀವು ಅಂಗಡಿ ನೋಡ್ರಿ. ಅಳತಿ ನಾ ತರತೇನಿ" ಎಂದಳು. ಮನೆಯಲ್ಲಿ ಅವರು ಆಡುವುದು ಉರ್ದು. ಆದರೆ ಕೆಲಸದ ಮಾತು ಬಂದರೆ ಮಾವನ ಕಾಲದಿಂದಲೂ ಕನ್ನಡವೇ.

ಆ ಮಾವ ಸಾಗವಾನಿ ಬಾಗಿಲ ಚೌಕಟ್ಟು ಕೆತ್ತುವುದರಲ್ಲಿ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾದವನು. ಆಗ ಮನೆ ಕಟ್ಟುವವರ ಆಸೆಯೆಲ್ಲ ತಲಬಾಗಿಲಿನ ಮೇಲೆ. ಒಳಗೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಇದ್ದರೂ ಬಾಗಿಲ ಮೇಲೆ ಎರಡು ಗಿಳಿ, ನಡುವೆ ಒಂದು ಕಮಲ ಇರಲೇಬೇಕು. ಮೀರಾಸಾಬನ ಕಾಲಕ್ಕೆ ಆ ಆಸೆ ಪಡಸಾಲೆಯ ಷೋಕೇಸಿಗೆ ಬಂತು. ನಡುವೆ ಟೀವಿ, ಮೇಲೆ ಗಾಜಿನ ಹಿಂದೆ ಯಾರೂ ಚಹಾ ಕುಡಿಯದ ಕಪ್ಪು-ಬಶಿಗಳು. ಈಗ ಮಗ ತೌಹೀದನ ಕಾಲ. ಈಗ ಎಲ್ಲರ ಕಣ್ಣು ಅಡುಗೆಮನೆಯ ಮೇಲೆ.

"ಬಾಗಲದಿಂದ ಅಡಿಗಿಮನಿಗಿ ಬರಾಕ ನಮ್ಮ ಮಂದಿಗಿ ಅರವತ್ತ ವರ್ಷ ಹಿಡೀತು" ಎಂದು ಬೇಗಂಬಿ ಹೇಳುವುದುಂಟು.

ಮೊದಲ ಎರಡು ವರ್ಷ ಅವಳು ಮಗ ಹೇಳಿದಂತೆ ಅಳತೆ ತಂದಳು. ತೌಹೀದ ಡಿಪ್ಲೊಮಾ ಓದಿ, ಲ್ಯಾಪ್‌ಟಾಪಿನಲ್ಲಿ ಮನೆಯ ಚಿತ್ರ ಬಿಡಿಸಲು ಕಲಿತವನು. ಗೋಡೆಯಿಂದ ಗೋಡೆಗೆ ಎಷ್ಟು, ಕಿಟಕಿ ಎಷ್ಟು ಎತ್ತರ, ನಳ ಎಲ್ಲಿ, ಇಷ್ಟನ್ನು ಅವಳು ಬರೆದುಕೊಂಡು ಬಂದರೆ ಉಳಿದದ್ದನ್ನು ಅವನು ಕೂಡಿಸುತ್ತಿದ್ದ. ಅಡುಗೆ ಕಟ್ಟೆಯ ಎತ್ತರ ಮೂವತ್ನಾಲ್ಕು ಇಂಚು. ಎಲ್ಲ ಊರಿಗೂ, ಎಲ್ಲ ಮನೆಗೂ ಅಷ್ಟೇ. ಅದನ್ನು ಕೇಳುವುದೇ ಬೇಕಿರಲಿಲ್ಲ.

ಸವದತ್ತಿಯಲ್ಲಿ ಕೃಷ್ಣವ್ವ ಎಂಬಾಕೆಯ ಮನೆಗೆ ಅವರು ಮಾಡಿಕೊಟ್ಟ ಅಡುಗೆಮನೆ ತೌಹೀದನ ಹೆಮ್ಮೆಯಾಗಿತ್ತು. ಕೆಂಪು ಬಾಗಿಲು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾವರು, ಕರಿ ಗ್ರಾನೈಟು. ಆರು ತಿಂಗಳ ಮೇಲೆ ಒಂದು ಕಪಾಟಿನ ಬಿಜಾಗರಿ ಸಡಿಲಾಗಿದೆ ಎಂದು ಫೋನು ಬಂತು. ತೌಹೀದ ಬೇರೆ ಕೆಲಸದ ಮೇಲಿದ್ದ. ಸ್ಕ್ರೂಡ್ರೈವರು ಚೀಲದಲ್ಲಿಟ್ಟುಕೊಂಡು ಬೇಗಂಬಿಯೇ ಬಸ್ಸು ಹತ್ತಿದಳು.

ಮನೆಯ ಮುಂದಿನ ಬಾಗಿಲು ತೆರೆದಿತ್ತು. ಕರೆದರೆ ಉತ್ತರವಿಲ್ಲ. ಅಡುಗೆಮನೆ ಅಂಗಡಿಯಿಂದ ಆಗಷ್ಟೇ ತಂದಂತೆ ಹೊಳೆಯುತ್ತಿತ್ತು. ಎಲ್ಲೋ ಹಿಂದಿನಿಂದ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು. ಬೇಗಂಬಿ ಸದ್ದಿನ ಬೆನ್ನು ಹತ್ತಿ ಹೋದಳು. ಹಿತ್ತಲಲ್ಲಿ, ಬಚ್ಚಲಿಗೂ ನೀರಿನ ಮೋಟರಿಗೂ ನಡುವಿನ ಸಂದಿನಲ್ಲಿ, ತಗಡಿನ ಕೆಳಗೆ ಕೃಷ್ಣವ್ವ ಹಲಗೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಸಣ್ಣ ಗ್ಯಾಸ್ ಒಲೆ. ಮುಖವೆಲ್ಲ ಬೆವರು.

"ಯವ್ವಾ, ಇಲ್ಲ್ಯಾಕ ಕುಂತೀರಿ?" ಎಂದಳು ಬೇಗಂಬಿ. "ಅಷ್ಟ ಚಂದ ಅಡಿಗಿಮನಿ ಮಾಡಿಕೊಟ್ಟೇವಲ್ಲರಿ?"

"ಚಂದ ಐತಿ, ಬೀಬಿ" ಎಂದಳು ಕೃಷ್ಣವ್ವ, ಕೈ ನಿಲ್ಲಿಸದೆ. "ನೋಡಾಕ."

ಬೇಗಂಬಿ ಅಲ್ಲೇ ನೆಲಕ್ಕೆ ಕೂತಳು. ಕೃಷ್ಣವ್ವನೇ ಹೇಳಿದಳು. ಆ ಕಟ್ಟೆಯ ಮುಂದೆ ನಿಂತು ಹದಿನೈದು ದಿನ ರೊಟ್ಟಿ ಬಡಿದಳಂತೆ. ಕಟ್ಟೆ ಮೊಣಕೈಗೇ ಬರುತ್ತದೆ, ಕೈಯಲ್ಲಿ ಭಾರ ಬೀಳುವುದಿಲ್ಲ, ಭುಜ ಎತ್ತಿ ಎತ್ತಿ ಬಡಿಯಬೇಕು. ಹದಿನಾರನೆಯ ದಿನ ಬಲಗೈ ಜಡೆಗೆ ಮುಟ್ಟಲಿಲ್ಲ. ಮನೆಯವರ ಮುಂದೆ ಹೇಳಲು ಸಂಕೋಚ. ಹೊಸ ಅಡುಗೆಮನೆ ಬೇಕೆಂದು ಹಟ ಹಿಡಿದವಳು ತಾನೇ. "ತಪ್ಪ ನಿಮ್ಮದಲ್ಲ ಬಿಡವಾ. ನಾನ ಗಿಡ್ಡ ಅದೇನಿ."

ಬಿಜಾಗರಿ ಸರಿಮಾಡಿ ಬಸ್ಸಿನಲ್ಲಿ ಕೂತ ಬೇಗಂಬಿಗೆ ಬೈಲಹೊಂಗಲದವರೆಗೂ ಕಿವಿಯಲ್ಲಿ ಆ ಮಾತೇ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವಳು ತನ್ನನ್ನೇ ಗಿಡ್ಡ ಎಂದುಕೊಂಡು ಸುಮ್ಮನಾದಳಲ್ಲ, ಅದು ಚುಚ್ಚಿತು. ಗೋಡೆ ಅಳೆದೆ, ಕಿಟಕಿ ಅಳೆದೆ, ನಿಲ್ಲುವವಳನ್ನು ಅಳೆಯಲಿಲ್ಲ. ಮನೆಗೆ ಬಂದವಳೇ ಮಗನಿಗೆ ಹೇಳಿದಳು: "ಇನ್ನಮ್ಯಾಲೆ ರೊಟ್ಟಿ ಬಡಿಯೂದ ನೋಡಲಾರದ ನಾ ಯಾರ ಮನಿ ಅಳತೀನೂ ತರೂದುಲ್ಲ."

ತೌಹೀದ ನಕ್ಕ. ಅಮ್ಮಿ ಎರಡು ದಿನದಲ್ಲಿ ಮರೆಯುತ್ತಾಳೆ ಎಂದುಕೊಂಡ.

ಅವಳು ಮರೆಯಲಿಲ್ಲ. ಕೃಷ್ಣವ್ವನ ಮನೆಗೆ ತಾನೇ ಮತ್ತೆ ಹೋಗಿ, ಕಟ್ಟೆಯ ಒಂದು ತುದಿಯನ್ನು ಕೊಯ್ಸಿ ಎಂಟು ಇಂಚು ಇಳಿಸಿಕೊಟ್ಟಳು. ಆ ಮೇಲಿನ ಐದು ವರ್ಷ ಹೋದಲ್ಲೆಲ್ಲ ಅವಳ ಮೊದಲ ಪ್ರಶ್ನೆ ಒಂದೇ: ಇಲ್ಲಿ ರೊಟ್ಟಿ ಬಡಿಯುವವರು ಯಾರು? ಗಂಡಸರು ನಗುತ್ತಿದ್ದರು. ಕಿತ್ತೂರಿನಲ್ಲಿ ಒಬ್ಬ, "ನೀವು ಕಪಾಟಿನ ಫಳಿ ಕೂಡಸಾಕ ಬಂದೀರೋ, ಊಟಕ್ಕ ಬಂದೀರೋ" ಎಂದ. ಹೆಂಗಸರು ಮಾತ್ರ ನಗಲಿಲ್ಲ. ಅವರು ಅವಳನ್ನು ಒಳಗೆ ಕರೆಯುತ್ತಿದ್ದರು.

ಆದರೆ ಎಲ್ಲರೂ ಕರೆಯುತ್ತಿರಲಿಲ್ಲ. ಸಿರಸಂಗಿಯ ರಾಚವ್ವ ಕರೆಯಲಿಲ್ಲ.

ರಾಚವ್ವನ ಮಗ ಶ್ರೀಶೈಲ ಯರಗಟ್ಟಿಯಲ್ಲಿ ಕಾಳಿನ ವ್ಯಾಪಾರಿ. ಸಿರಸಂಗಿಯ ಹಳೆಯ ಮಣ್ಣಿನ ಮನೆಯ ಮುಂಭಾಗ ಕೆಡವಿ, ಅದೇ ಜಾಗದಲ್ಲಿ ಹೊಸ ಮನೆ ಎಬ್ಬಿಸುತ್ತಿದ್ದ. ಅದು ಮುಗಿಯುವವರೆಗೆ ಹಿಂಭಾಗದಲ್ಲೇ ವಾಸ, ಹಳೆಯ ಒಲೆಯಲ್ಲೇ ಅಡುಗೆ. ಹೊಸ ಅಡುಗೆಮನೆ ಪಡಸಾಲೆಗೆ ಕೂಡಿಕೊಂಡೇ ಇರಬೇಕು, ಗೋಡೆ ಬೇಡ ಎಂದು ಅವನು ಫೋನಿನಲ್ಲಿ ಇಪ್ಪತ್ತು ಚಿತ್ರ ತೋರಿಸಿದ್ದ. ಗೋಡೆಗಳ ಅಳತೆಯನ್ನೂ ಅವನೇ ಕಳಿಸಿದ್ದರಿಂದ ತೌಹೀದ ಅಮ್ಮಿಗೆ ಕಾಯದೆ ಅದರಂತೆಯೇ ಬರೆದುಕೊಟ್ಟಿದ್ದ. ಶ್ರೀಶೈಲನಿಗೆ ಒಪ್ಪಿಗೆಯಾಗಿತ್ತು. ಪ್ಲೈವುಡ್ ಬಂದು ಬಿದ್ದಿತ್ತು. ಕೊಯ್ಯುವುದೊಂದು ಬಾಕಿ. ಅಷ್ಟರಲ್ಲಿ ಬೇಗಂಬಿ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಸಿರಸಂಗಿಗೆ ಹೋದಳು.

ಒಲೆಮನೆಯ ಹೊಸ್ತಿಲಲ್ಲಿ ಅವಳು ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ರಾಚವ್ವ ಹೇಳಿದಳು: "ಅಲ್ಲೇ ನಿಂದರವಾ ತಂಗಿ. ಒಳಗ ದೇವರ ಮಾಡ ಐತಿ."

"ಆತರಿ ಅಮ್ಮಾರ. ಇಲ್ಲಿಂದ ಕಾಣತೈತಿ" ಎಂದು ಬೇಗಂಬಿ ಹೊಸ್ತಿಲ ಆಚೆಗೇ ಕೂತಳು. ಮನಸ್ಸಿಗೆ ಹತ್ತದೆ ಇರಲಿಲ್ಲ. ಆದರೆ ಅವಳು ಬಂದದ್ದು ನೋಡುವುದಕ್ಕೆ, ನೋಡದೆ ಹೋಗುವವಳಲ್ಲ.

ಒಳಗೆ ಮಬ್ಬು. ಮಾಳಿಗೆಯಲ್ಲಿನ ಒಂದೇ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದಿತ್ತು. ಗೋಡೆ ಹೊಗೆ ಕುಡಿದು ಡಾಂಬರಿನಂತಾಗಿತ್ತು. ಅರವತ್ತೈದು ದಾಟಿದ ರಾಚವ್ವ ಒಂದು ಕಾಲು ಚಾಚಿ ಕೂತು, ಹೊರಳಿ ನೋಡದೆ ಹನ್ನೆರಡು ರೊಟ್ಟಿ ಬಡಿದಳು. ಭುಜ ಅಲುಗಲಿಲ್ಲ, ಮೈಯ ಭಾರವೆಲ್ಲ ಅಂಗೈಗೆ ಬರುತ್ತಿತ್ತು. ಆದರೆ ಏಳುವಾಗ ಎರಡು ಸಲ ಗೋಡೆಗೆ ಕೈಕೊಟ್ಟಳು, ಮೂರನೆಯ ಸಲ ಸೊಸೆಯನ್ನು ಕೂಗಿದಳು. ಸೊಸೆ ರಾಜೇಶ್ವರಿ ಸಾಲಿಯಲ್ಲಿ ಮಾಸ್ತರಿಕೆ ಮಾಡುವವಳು, ಎತ್ತರದ ಆಳು. ಒಳಗೆ ಬರುವಾಗ ಬಾಗಿಲಿಗೆ ತಲೆ ತಗ್ಗಿಸಿದಳು.

"ನೆಲದ ಮ್ಯಾಲೆ ಕುಂತ ನಾ ಒಂದ ಒಗ್ಗರಣೀನೂ ಹಾಕಲಾರೆ" ಎಂದಳು ರಾಜೇಶ್ವರಿ. "ನನಗ ನಿಂತ ಮಾಡೂದ ಬೇಕ್ರಿ."

ಶ್ರೀಶೈಲನೂ ಬಂದ. "ಅಕ್ಕಾರ, ಅವ್ವಗ ಹಳೇದರ ಮ್ಯಾಲೆ ಜೀವ. ಹೊಸಾದು ಆದಮ್ಯಾಗ ರೂಢಿ ಆಗತೈತಿ. ರೊಟ್ಟಿ ಬೇಕಾದರ ಖಾನಾವಳಿಯಿಂದ ತರಸತೇನಿ."

ರಾಚವ್ವ ತಟ್ಟನೆ ತಿರುಗಿದಳು. "ಯಾರಿಗಿ ಹಳೇದರ ಮ್ಯಾಲೆ ಜೀವ? ಐವತ್ತ ವರ್ಷ ಹೊಗಿ ಕುಡದೇನಿ ಇಲ್ಲಿ. ಈ ಗೋಡಿ ಯಾವಾಗ ಬೀಳತೈತಿ ಅಂತ ಕಾಯಾಕ ಹತ್ತೇನಿ. ಬೆಳಕ ಬೇಕು ನನಗ, ಗಾಳಿ ಬೇಕು. ಕುಂದರಾಕ ಒಂದ ಜಾಗಾ ಬೇಕು. ಇಷ್ಟ ಯಾರರ ಕೇಳೀರೇನು?"

ಯಾರೂ ಕೇಳಿರಲಿಲ್ಲ. ಶ್ರೀಶೈಲ ಫೋನನ್ನು ಜೇಬಿಗಿಟ್ಟ.

ಸಂಜೆ ಅಂಗಡಿಯಲ್ಲಿ ತಾಯಿ-ಮಗನಿಗೆ ಜಗಳವೇ ಆಯಿತು. "ಅಮ್ಮಿ, ಗಿರಾಕಿ ಒಪ್ಯಾನ. ನಾವ್ಯಾಕ ತಡೀಬೇಕು? ಬ್ಯಾಡ ಅಂದರ ಬೆಳಗಾವಿ ಷೋರೂಮಿಗಿ ಹೋಗತಾನ" ಎಂದ ತೌಹೀದ.

"ಹೋಗಲಿ. ಗಿರಾಕಿ ಒಪ್ಪಿದ್ದು ಖರೆ. ಆ ಕಟ್ಟಿ ಮುಂದ ನಿಂದರಾಕಿ ಒಪ್ಪಿಲ್ಲ."

"ಒಂದ ಅಡಿಗಿಮನ್ಯಾಗ ಎರಡ ಎತ್ತರ ಹೆಂಗ ಕೂಡಸಲಿ? ಚಿತ್ರ ಕೆಡತೈತಿ."

"ಚಿತ್ರ ಕೆಡಲಿ, ಕೈ ಕೆಡಬಾರದು. ಒಂದ ವಾರ ಕೊಡು. ಅಲ್ಲೀತನಕಾ ಆ ಪ್ಲೈವುಡ್ ಫಳಿಗಿ ಕಟರ್ ಹಚ್ಚಬ್ಯಾಡ."

ಮೂಲೆಯಲ್ಲಿ ಸ್ಕ್ರೂ ಡಬ್ಬಿಗಳ ಹಿಂದೆ ಕೂತಿದ್ದ ಮೀರಾಸಾಬ ಉಸಿರು ಎಳೆದುಕೊಂಡು ಎರಡೇ ಮಾತು ಹೇಳಿದ: "ಬಾಗಲಾ ಮಾಡುವಾಗ ನಮ್ಮಪ್ಪ ಆ ಮನ್ಯಾಗಿನ ಎತ್ತರದ ಆಳ ಕರದ ನಿಂದರಸತಿದ್ದ. ಅಳತಿ ಅಂದರ ಮನಶಾರದು." ತೌಹೀದ ಕಟರಿನ ವೈರು ಕಿತ್ತಿಟ್ಟ.

ಮೂರು ದಿನದ ಮೇಲೆ ಬೇಗಂಬಿ ಮಗನನ್ನೂ ಕರೆದುಕೊಂಡು ಸಿರಸಂಗಿಗೆ ಹೋದಳು. ಹೊಸ ಮನೆಯ ಗಿಲಾವು ಒಣಗಿತ್ತು. ಗೋಡೆ ಕಟ್ಟುವ ಗವಂಡಿಗಳಿಂದ ಇಟ್ಟಂಗಿ ಮತ್ತು ಸೆಂಟ್ರಿಂಗ್ ಹಲಗೆ ಕೇಳಿಕೊಂಡು, ಸಿಮೆಂಟು ಹಾಕದೆ, ಪೂರ್ವದ ಕಿಟಕಿಯ ಕೆಳಗೆ ಬರೀ ಇಟ್ಟಂಗಿ ಪೇರಿಸಿದಳು. ಐದು ಇಟ್ಟಂಗಿ ಎತ್ತರದ ಒಂದು ಆಸನ. ಅದರ ಮುಂದೆ, ಎರಡು ಬದಿಗೆ ಎಂಟೆಂಟು ಇಟ್ಟಂಗಿಯ ಕಂಬ, ಮೇಲೊಂದು ಹಲಗೆ, ಕೆಳಗೆ ಕಾಲು ಚಾಚಲು ಖಾಲಿ. ಪಕ್ಕದಲ್ಲೇ ರಾಜೇಶ್ವರಿಗೆಂದು ಎತ್ತರದ್ದು. ಒಲೆ, ಸಿಲಿಂಡರು ತಂದಿಟ್ಟು, "ಅಮ್ಮಾರ, ಬರ್ರಿ. ಇವತ್ತಿನ ರೊಟ್ಟಿ ಇಲ್ಲೇ ಆಗಲಿ. ಬರೋಬರಿ ಆಗಲಿಲ್ಲಂದರ ಕೆಡವಿ ಮತ್ತ ಪೇರಸೂದು" ಎಂದಳು.

ಪರೀಕ್ಷೆಗೆ ಕರೆದಂತಾಯಿತು ರಾಚವ್ವನಿಗೆ. ಹಿಟ್ಟಿನ ಪರಾತ ತಾನೇ ಹೊತ್ತು ತಂದಳು. ಕೂತಳು. ಒಂದು ರೊಟ್ಟಿ ಬಡಿದಳು. ಮುಖ ಸಪ್ಪಗಾಯಿತು. "ಎತ್ತರ ಆತು. ಒಂದ ಇಟ್ಟಂಗಿ ತಗಿ."

ಬೇಗಂಬಿ ಒಂದು ಬದಿ, ತೌಹೀದ ಇನ್ನೊಂದು ಬದಿ ಹಲಗೆ ಎತ್ತಿ ಒಂದೊಂದು ಇಟ್ಟಂಗಿ ತೆಗೆದರು. ಎರಡನೆಯ ರೊಟ್ಟಿ. ಹಲಗೆ ಅಲುಗಿತು. "ಹಿಡಿ, ಹಿಡಿ, ಹಿಟ್ಟ ಬೀಳತೈತಿ! ದೂರ ಯಾಕ ನಿಂತಿ?" ಎಂದು ರಾಚವ್ವ ಬೇಗಂಬಿಯ ರಟ್ಟೆ ಹಿಡಿದು ಹತ್ತಿರ ಎಳೆದಳು. ಹಿಟ್ಟಿನ ಐದು ಬೆರಳು ಬೇಗಂಬಿಯ ತೋಳಿನ ಮೇಲೆ ಮೂಡಿದವು. ಮೂರನೆಯ ರೊಟ್ಟಿಗೆ ರಾಚವ್ವ ಮಾತಾಡುವುದನ್ನು ಬಿಟ್ಟಳು. ನಾಲ್ಕು, ಐದು, ಆರು. ರೊಟ್ಟಿ ಹಂಚಿನ ಮೇಲೆ ಬೀಳುತ್ತ ಹೋದವು. ಆಮೇಲೆ ಎದ್ದಳು. ಗೋಡೆ ಹಿಡಿಯಲಿಲ್ಲ. ತಾನು ಎದ್ದದ್ದು ತನಗೇ ನಂಬಿಕೆಯಾಗದೆ ಮತ್ತೆ ಕೂತು, ಮತ್ತೊಮ್ಮೆ ಎದ್ದು ನೋಡಿದಳು.

"ಇಷ್ಟ" ಎಂದಳು. "ಇದರ ಮ್ಯಾಲೆ ಒಂದ ಬಟ್ಟ ಹೆಚ್ಚಾದರೂ ನಾ ಒಲ್ಲೆ."

ತೌಹೀದ ಮಂಡಿಯೂರಿ ಅಳತೆ ಬರೆದುಕೊಂಡ. ರಾಜೇಶ್ವರಿ ತನ್ನ ಬದಿಯ ಕಟ್ಟೆಗೆ ಇನ್ನೊಂದು ಇಟ್ಟಂಗಿ ಹೆಚ್ಚು ಕೇಳಿದಳು. ಮೂವತ್ನಾಲ್ಕು ಇಂಚು ಅವಳಿಗೂ ಹೊಂದುತ್ತಿರಲಿಲ್ಲ. ಗೋಡೆ ಬೇಡ ಎಂಬ ಮಾತಿನಲ್ಲಿ ಮಾತ್ರ ಶ್ರೀಶೈಲ ಸೋಲಲಿಲ್ಲ. ಬಂದವರ ಕಣ್ಣೆದುರು ಅಡುಗೆ ಮಾಡುವುದು ರಾಚವ್ವನಿಗೆ ಒಗ್ಗದು, ಆದರೂ ಎರಡು ದಿನ ಯೋಚಿಸಿ ಅವಳೇ ಒಪ್ಪಿದಳು: "ಇರಲಿ. ಯಾರ ಬಂದರು ಅಂತ ನನಗೂ ಕಾಣತೈತಿ."

ಈಗ ಆ ಮನೆಗೆ ಹೋದರೆ ಕಿಟಕಿಯ ಕೆಳಗಿನ ತಗ್ಗು ಕಟ್ಟೆಯೇ ಮೊದಲು ಕಣ್ಣಿಗೆ ಬೀಳುತ್ತದೆ. ಫೋನಿನ ಇಪ್ಪತ್ತು ಚಿತ್ರಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಶ್ರೀಶೈಲನ ಗೆಳೆಯನೊಬ್ಬ ಅದನ್ನು ನೋಡಿ ನಕ್ಕು ತನ್ನ ಮನೆಯ ಕೆಲಸವನ್ನು ಬೇರೆಯವರಿಗೆ ಕೊಟ್ಟ. ರಾಮದುರ್ಗದಿಂದ ರಾಜೇಶ್ವರಿಯ ತಾಯಿ ಬಂದು ನೋಡಿ, ತನ್ನ ಮನೆಗೂ ಅಂಥದ್ದೇ ಬೇಕೆಂದಳು. ಒಂದು ಹೋಯಿತು, ಒಂದು ಬಂತು.

ರಾಮದುರ್ಗದ ಆ ಕೆಲಸ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಬೇಗಂಬಿ ತನ್ನ ಒಲೆಯ ಮುಂದೆ ನಿಂತು ಚಹಾಕ್ಕಿಟ್ಟಳು. ಕಾಲ ಕೆಳಗೆ ನೋಡಿಕೊಂಡಳು. ಮದುವೆಯಾದ ಹೊಸದರಲ್ಲಿ ಕಟ್ಟೆ ಎಟುಕುವುದಿಲ್ಲ ಎಂದದ್ದಕ್ಕೆ ಮೀರಾಸಾಬ ಮಾಡಿಕೊಟ್ಟ ಕಟ್ಟಿಗೆಯ ಮಣೆ ಅದು. ಇಪ್ಪತ್ತೊಂಬತ್ತು ವರ್ಷ ಅದರ ಮೇಲೆ ಹತ್ತಿ ಇಳಿದಿದ್ದಾಳೆ. ನಡುವೆ ಎರಡು ಸಲ ಬಿದ್ದಿದ್ದಾಳೆ. ಮೂವತ್ತು-ನಲವತ್ತು ಮನೆಗಳ ಕಟ್ಟೆ ಇಳಿಸಿದವಳಿಗೆ ತನ್ನದು ಹೊಳೆದಿರಲಿಲ್ಲ.

ಒಲೆ ಆರಿಸಿ, ಡಬ್ಬಿಗಳನ್ನೆಲ್ಲ ಇಳಿಸತೊಡಗಿದಳು. ಸದ್ದಿಗೆ ಮೀರಾಸಾಬ ಬಂದ.

"ಏನ ನಡಸೀ?"

"ಗವಂಡಿಗಿ ಹೇಳಿ ಕಳಸತೇನಿ. ಈ ಕಟ್ಟಿ ಕಲ್ಲ ಇವತ್ತ ಇಳೀಬೇಕು."

"ನಾ ಮಾಡಿಕೊಟ್ಟ ಮಣಿ ಐತೆಲ್ಲ?"

"ಮಣಿ ಚಂದ ಐತಿ. ನಾ ಇನ್ನ ಹತ್ತೂದುಲ್ಲ."

ಮೀರಾಸಾಬ ಮಣೆಯನ್ನು ಕಾಲಿನಿಂದ ಬದಿಗೆ ಸರಿಸಿದ. ಆಮೇಲೆ ಕೈ ಚಾಚಿ ಅವಳ ಸೊಂಟದ ಚೀಲದಿಂದ ಟೇಪು ಎಳೆದುಕೊಂಡ. "ನೆಟ್ಟಗ ನಿಂದರು" ಎಂದ, ಏದುಸಿರಿನ ನಡುವೆ. ಅವಳು ಬರಿಗಾಲಲ್ಲಿ ನೆಲದ ಮೇಲೆ ನಿಂತಳು. ಅವನು ಮೊಣಕೈಯಿಂದ ನೆಲದವರೆಗೆ ಅಳೆದು, ಅದಕ್ಕಿಂತ ಒಂದು ಗೇಣು ಕೆಳಗೆ, ಗೋಡೆಯ ಮೇಲೆ ಪೆನ್ಸಿಲಿನಿಂದ ಹೊಸ ಕಟ್ಟೆಗೊಂದು ಗೀಟು ಎಳೆದ.